ಮುಟ್ಟು ನಿಲ್ಲುವ ಕಾಲ: ಬಿಸಿ ಝಳ, ನಿದ್ದೆ ಮತ್ತು ಹಾರ್ಮೋನ್ ಚಿಕಿತ್ಸೆ

ಬೆಂಗಳೂರಿನ ದೊಡ್ಡನೆಕ್ಕುಂದಿಯ ದತ್ತಿ ಉಪನ್ಯಾಸದ ಮುದ್ರಿತ ಪಠ್ಯ

1. ಮುಟ್ಟು ನಿಲ್ಲುವುದು ಎಂದರೆ

ಕೊನೆಯ ಮುಟ್ಟು ಬಂದು 12 ತಿಂಗಳು ಕಳೆದ ಮೇಲೆ ಮುಟ್ಟು ನಿಂತಿತು ಎಂದು ವೈದ್ಯಶಾಸ್ತ್ರ ಲೆಕ್ಕ ಹಿಡಿಯುತ್ತದೆ. ಆ ಮುಟ್ಟು ಬಂದ ದಿನ ಅದೇ ಕೊನೆಯದೆಂದು ಯಾರಿಗೂ ಗೊತ್ತಿರುವುದಿಲ್ಲ. ವರ್ಷ ಕಾದು, ಹಿಂದಕ್ಕೆ ಎಣಿಸಿ ಅದನ್ನು ಗುರುತಿಸಬೇಕು. ಪುಸ್ತಕಗಳು ಇದನ್ನು ಋತುಬಂಧ, ಋತುನಿವೃತ್ತಿ, ರಜೋನಿವೃತ್ತಿ ಎಂದು ಕರೆಯುತ್ತವೆ. ಮನೆಗಳಲ್ಲಿ ‘ಮುಟ್ಟು ನಿಂತಿದೆ’ ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಅಷ್ಟನ್ನೂ ಬಾಯಿಬಿಟ್ಟು ಹೇಳುವುದಿಲ್ಲ.

ಹೆಣ್ಣು ಮಗು ಹುಟ್ಟುವಾಗ ಅದರ ಎರಡು ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಂಡಗಳು ಇರುತ್ತವೆ. ಮೈನೆರೆಯುವ ಹೊತ್ತಿಗೆ ಅವು 3–4 ಲಕ್ಷಕ್ಕೆ ಇಳಿದಿರುತ್ತವೆ. ಬಾಳಿನುದ್ದಕ್ಕೂ ತಿಂಗಳಿಗೊಂದರಂತೆ ಹೊರಬರುವುದು 400ರ ಆಸುಪಾಸು. ಮಿಕ್ಕವು ತಾವಾಗಿಯೇ ಕರಗಿಹೋಗುತ್ತವೆ. ದಾಸ್ತಾನು ತೀರುತ್ತ ಬಂದಂತೆ ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನು ಹದ ತಪ್ಪುತ್ತದೆ. ಒಂದು ತಿಂಗಳು ಏರುತ್ತದೆ, ಮತ್ತೊಂದು ತಿಂಗಳು ಕುಸಿಯುತ್ತದೆ, ಕಡೆಗೆ ತಳ ಮುಟ್ಟಿ ಅಲ್ಲೇ ನಿಲ್ಲುತ್ತದೆ. ಈ ಏರಿಳಿತದ ಕಾಲ ಸರಾಸರಿ 4 ವರ್ಷ. ಮುಟ್ಟು ಒಮ್ಮೆ 20 ದಿನಕ್ಕೆ ಬಂದು ಇನ್ನೊಮ್ಮೆ ಎರಡು ತಿಂಗಳು ತಪ್ಪುವುದು, ಸ್ರಾವ ಹೆಚ್ಚುವುದು, ನಿದ್ದೆ ಕೆಡುವುದು, ಮೈ ಬಿಸಿಯೇರುವುದು ಹಲವರಿಗೆ ಈ ಹಂತದಲ್ಲೇ ಶುರುವಾಗುತ್ತದೆ.

ಯೂರೋಪು, ಅಮೆರಿಕಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51. ಭಾರತದಲ್ಲಿ ಅದು 46ರ ಆಸುಪಾಸು. 40ರಿಂದ 45ರೊಳಗೆ ನಿಂತರೆ ಬೇಗ ನಿಂತಂತೆ. 40ಕ್ಕೂ ಮೊದಲು ನಿಂತರೆ ಅಕಾಲಿಕ. ಬೆಂಗಳೂರಿನ ನಾಗರಬಾವಿಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಟಿ.ಎಸ್. ಶ್ಯಾಮಲಾ ಮತ್ತು ಎಂ. ಶಿವಕಾಮಿ ಅವರು 1998–99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಹಿಡಿದು ಈ ವಿಷಯವನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದರು. ಅದರ ಪ್ರಕಾರ 50 ತುಂಬುವ ಮೊದಲೇ ಮುಟ್ಟು ನಿಂತವರ ಪಾಲು ಆಂಧ್ರಪ್ರದೇಶದಲ್ಲಿ ಬಹಳ ಹೆಚ್ಚಿತ್ತು. ಹೆಚ್ಚು ಇರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇತ್ತು. ಹಾರ್ಮೋನ್ ಚಿಕಿತ್ಸೆಯ ಮಾತಿನಲ್ಲಿ ಮೊದಲು ನೋಡಬೇಕಾದದ್ದು ಈ ವಯಸ್ಸನ್ನೇ. ಚಿಕಿತ್ಸೆಯ ಲಾಭವೂ ಅಪಾಯವೂ ವಯಸ್ಸಿನೊಡನೆ ಬದಲಾಗುತ್ತವೆ.

2. ಬಿಸಿ ಝಳ

ವೈದ್ಯರು ಹಾಟ್ ಫ್ಲ್ಯಾಶ್ ಎನ್ನುವುದನ್ನು ಅನುಭವಿಸಿದವರು ‘ಒಳಗಿಂದ ಝಳ ಹೊಡೀತದೆ’, ‘ಮೈಯೆಲ್ಲ ಧಗ ಅಂತದೆ’, ‘ಉಷ್ಣ ಆಗಿದೆ’ ಎಂದು ಹೇಳುತ್ತಾರೆ. ದೊಡ್ಡನೆಕ್ಕುಂದಿಯಲ್ಲಿ ಒಂದೇ ಬೆಳಗ್ಗೆ ಎರಡು ಕಡೆ ಇದನ್ನು ಕಾಣಬಹುದು. ಹೊರವರ್ತುಲ ರಸ್ತೆಯ ಕಚೇರಿಯೊಂದರ ಮೀಟಿಂಗ್ ಕೋಣೆಯಲ್ಲಿ ಎ.ಸಿ. ಓಡುತ್ತಿರುತ್ತದೆ, ಉಳಿದವರು ಜಾಕೆಟ್ ಹಾಕಿ ಕೂತಿರುತ್ತಾರೆ. ಮಾತಾಡುತ್ತಿದ್ದ 48ರ ಮಹಿಳೆಯೊಬ್ಬಳು ಕಾಗದ ಮಡಿಸಿ ಗಾಳಿ ಹಾಕಿಕೊಳ್ಳುತ್ತಾಳೆ. ಅಲ್ಲಿಂದ ಕೂಗಳತೆಯಲ್ಲಿರುವ ಕೈಗಾರಿಕಾ ಪ್ರದೇಶದ ಶೀಟು ಹೊದಿಸಿದ ಶೆಡ್ಡಿನಲ್ಲಿ, ಮಿಷಿನ್ ಮುಂದೆ ಕೂತ ಅದೇ ವಯಸ್ಸಿನ ಹೆಂಗಸು ಸೆರಗಿನಿಂದ ಕತ್ತು ಒರೆಸಿಕೊಂಡು ಮತ್ತೆ ಬಟ್ಟೆ ಎಳೆದುಕೊಳ್ಳುತ್ತಾಳೆ. ಇಬ್ಬರ ಮೈಯಲ್ಲೂ ಆಗುವುದು ಒಂದೇ. ಎದೆಯ ನಡುವಿನಿಂದ ಬಿಸಿ ಮೇಲೇರುತ್ತದೆ. ಕುತ್ತಿಗೆ, ಕೆನ್ನೆ, ಕಿವಿ ಕಾಯುತ್ತವೆ. ಎದೆ ಡವಗುಟ್ಟುತ್ತದೆ. ಮೇಲ್ದುಟಿಯ ಮೇಲೆ, ಹಣೆಯ ಅಂಚಿನಲ್ಲಿ ಬೆವರು ಮೂಡುತ್ತದೆ, ರವಿಕೆಯ ಬೆನ್ನು ಒದ್ದೆಯಾಗುತ್ತದೆ. ಒಂದರಿಂದ ಐದು ನಿಮಿಷದಲ್ಲಿ ಎಲ್ಲ ಇಳಿದು, ಬೆವರು ಆರುವಾಗ ಚಳಿ ಹಿಡಿಯುತ್ತದೆ. ಕೆಲವರಿಗೆ ವಾರಕ್ಕೊಮ್ಮೆ, ಕೆಲವರಿಗೆ ದಿನಕ್ಕೆ ಹತ್ತು ಹದಿನೈದು ಸಲ.

ಇದು ಮನಸ್ಸಿನ ಭ್ರಮೆಯೂ ಅಲ್ಲ, ಖಾರ ತಿಂದ ಫಲವೂ ಅಲ್ಲ. ಇದರ ಬೇರು ಮೆದುಳಿನ ಹೈಪೊಥಲಾಮಸ್‌ನಲ್ಲಿದೆ. ದೇಹದ ಶಾಖವನ್ನು ಹದದಲ್ಲಿಡುವ ಕೇಂದ್ರ ಅಲ್ಲಿದೆ; ಅದರ ಪಕ್ಕದಲ್ಲೇ ಕಿಸ್‌ಪೆಪ್ಟಿನ್, ನ್ಯೂರೋಕೈನಿನ್ ಬಿ, ಡೈನಾರ್ಫಿನ್ ಎಂಬ ಮೂರು ರಾಸಾಯನಿಕಗಳನ್ನು ತಯಾರಿಸುವ ನರಕೋಶಗಳ ಗುಂಪೊಂದಿದೆ. ಈಸ್ಟ್ರೋಜನ್ ಇರುವಷ್ಟು ಕಾಲ ಅದು ಈ ಕೋಶಗಳಿಗೆ ಕಡಿವಾಣ. ಈಸ್ಟ್ರೋಜನ್ ಇಳಿದಾಗ ಕೋಶಗಳು ಊದಿಕೊಂಡು ನ್ಯೂರೋಕೈನಿನ್ ಬಿ ಸಂಕೇತವನ್ನು ಅತಿಯಾಗಿ ಹೊರಡಿಸುತ್ತವೆ. ಋತುಬಂಧದ ನಂತರ ಈ ಕೋಶಗಳು ದೊಡ್ಡದಾಗುವುದನ್ನು ತೋರಿಸಿಕೊಟ್ಟವರು ಅಮೆರಿಕದ ನರರೋಗಶಾಸ್ತ್ರಜ್ಞೆ ನವೋಮಿ ರ‍್ಯಾನ್ಸ್.

ಸಾಮಾನ್ಯವಾಗಿ ದೇಹದೊಳಗಿನ ಶಾಖ ಅರ್ಧ ಡಿಗ್ರಿಯಷ್ಟು ಹೆಚ್ಚು ಕಡಿಮೆಯಾದರೂ ಮೆದುಳು ಸುಮ್ಮನಿರುತ್ತದೆ. ಬೆವರೂ ಇಲ್ಲ, ನಡುಕವೂ ಇಲ್ಲ. ಬಿಸಿ ಝಳ ಇರುವವರಲ್ಲಿ ಈ ಸಹನೆಯ ಪಟ್ಟಿ ಇಲ್ಲವೆನ್ನುವಷ್ಟು ಕಿರಿದಾಗಿರುತ್ತದೆ ಎಂದು ಸಂಶೋಧಕ ರಾಬರ್ಟ್ ಫ್ರೀಡ್‌ಮನ್ ಅವರ ಪ್ರಯೋಗಗಳು ತೋರಿಸಿವೆ. ಒಂದು ಲೋಟ ಬಿಸಿ ಕಾಫಿ, ಒಲೆಯ ಮುಂದೆ ನಿಂತ ಐದು ನಿಮಿಷ, ತುಂಬಿದ ಬಸ್ಸು ಸಾಕು. ಮೈ ಬೆಂಕಿಗೆ ಬಿದ್ದಂತೆ ಮೆದುಳು ಎಚ್ಚೆತ್ತು ಚರ್ಮದ ರಕ್ತನಾಳಗಳನ್ನು ತೆರೆದು ಬೆವರಿಳಿಸುತ್ತದೆ.

ನಾಲ್ಕು ತಿಂಗಳು ತಡೆದುಕೊಂಡರೆ ಹೋಗುತ್ತದೆ ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಅಮೆರಿಕದಲ್ಲಿ ಹಲವು ಜನಾಂಗಗಳ ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ‘ಸ್ವಾನ್’ ಅಧ್ಯಯನ 2015ರಲ್ಲಿ ಕೊಟ್ಟ ಲೆಕ್ಕ ಬೇರೆ. ಆಗಾಗ ಬಿಸಿ ಝಳ ಕಾಡುವವರಲ್ಲಿ ಅದು ಉಳಿಯುವ ಮಧ್ಯಾಂಕ ಅವಧಿ 7.4 ವರ್ಷ. ಮುಟ್ಟು ನಿಲ್ಲುವ ಮೊದಲೇ ಶುರುವಾದವರಿಗೆ ಅದು 11 ವರ್ಷವನ್ನೂ ದಾಟಿತ್ತು. ದುಡಿಯುವ ಹೆಂಗಸಿನ ಬಾಳಿನಲ್ಲಿ ಏಳು ವರ್ಷವೆಂದರೆ ಮಗಳ ಪಿಯುಸಿಯಿಂದ ಮದುವೆಯವರೆಗಿನ ಕಾಲ. ಸಹಿಸಿಕೊಳ್ಳಿ ಎಂದು ಹೇಳಿ ಕೈತೊಳೆದುಕೊಳ್ಳುವಷ್ಟು ಸಣ್ಣ ಅವಧಿ ಅದಲ್ಲ.

3. ನಿದ್ದೆ

ಹಗಲಿನ ಝಳ ಮುಜುಗರ ತರುತ್ತದೆ. ರಾತ್ರಿಯದು ಮೈಯನ್ನೇ ಸೋಲಿಸುತ್ತದೆ. ಎರಡು ಗಂಟೆಗೆ ಹೊದಿಕೆ ಒದ್ದು ಏಳುವುದು, ಒದ್ದೆಯಾದ ನೈಟಿ ಬದಲಿಸುವುದು, ಫ್ಯಾನು ಜೋರು ಮಾಡಿದರೆ ಪಕ್ಕದಲ್ಲಿ ಮಲಗಿದವರಿಗೆ ಚಳಿ, ಮತ್ತೆ ಮಲಗಿದಾಗ ಕಣ್ಣು ಮುಚ್ಚುವುದಿಲ್ಲ. ಬೆಳಗ್ಗೆ ಐದಕ್ಕೆ ನೀರು ಹಿಡಿದು, ಡಬ್ಬಿ ಕಟ್ಟಿ, ಆರೂವರೆಗೆ ಕಂಪನಿ ಬಸ್ಸು ಹತ್ತಬೇಕಾದವಳಿಗೆ ಆ ಕಳೆದ ಎರಡು ಗಂಟೆ ಮರಳಿ ಸಿಗುವುದಿಲ್ಲ. ಮರುದಿನದ ಸಿಡುಕು, ಮರೆವು, ಕೆಲಸದಲ್ಲಿ ತಪ್ಪು ಇವೆಲ್ಲ ಅವಳ ಸ್ವಭಾವದ ಖಾತೆಗೆ ಸೇರುತ್ತವೆ.

ನಿದ್ದೆ ಕೆಡುವುದಕ್ಕೆ ಝಳವೊಂದೇ ಕಾರಣವಲ್ಲ. ಋತುಬಂಧದ ನಂತರ ಉಸಿರು ಕಟ್ಟುವ ಗೊರಕೆ, ಅಂದರೆ ಸ್ಲೀಪ್ ಆಪ್ನಿಯ, ಹೆಚ್ಚುತ್ತದೆ. ಕಾಲು ಸೆಳೆತ, ಥೈರಾಯ್ಡ್, ಮನಸ್ಸಿನ ಕುಗ್ಗುವಿಕೆ, ರಾತ್ರಿ ಪಾಳಿ ಕೂಡ ಕಾರಣವಾಗಬಹುದು. ಆದ್ದರಿಂದ ವೈದ್ಯರು ಕೇಳಬೇಕಾದ ಪ್ರಶ್ನೆ: ಎಚ್ಚರವಾದಾಗ ಮೈ ಬೆವರಿರುತ್ತದೆಯೇ? ಹೌದಾದರೆ ಝಳವನ್ನು ಇಳಿಸುವ ಚಿಕಿತ್ಸೆ ನಿದ್ದೆಯನ್ನೂ ಸರಿಪಡಿಸುವ ಸಾಧ್ಯತೆ ಹೆಚ್ಚು. ಇದನ್ನು ಕೇಳದೆ ನಿದ್ದೆ ಮಾತ್ರೆ ಬರೆದರೆ ಬೆವರು ಹಾಗೇ ಉಳಿಯುತ್ತದೆ; ಬಿಡಲಾಗದ ಅಭ್ಯಾಸವೊಂದು ಹೊಸದಾಗಿ ಅಂಟಬಹುದು.

4. ಹಾರ್ಮೋನ್ ಚಿಕಿತ್ಸೆ ಬೆಳೆದು ಬಂದ ದಾರಿ

ಅಂಡಾಶಯದ ಹಾರ್ಮೋನನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದು 1929ರಲ್ಲಿ. ಅಮೆರಿಕದ ಎಡ್ವರ್ಡ್ ಡಾಯ್ಸಿ ಮತ್ತು ಜರ್ಮನಿಯ ಅಡಾಲ್ಫ್ ಬ್ಯುಟೆನಂಟ್ ಬೇರೆ ಬೇರೆಯಾಗಿ ಈ ಕೆಲಸ ಮಾಡಿದರು. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮಾತ್ರೆ ‘ಪ್ರೆಮರಿನ್’ 1942ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯರ ‘ಫೆಮಿನೈನ್ ಫಾರೆವರ್’ ಪುಸ್ತಕ ಋತುಬಂಧವನ್ನು ಕೊರತೆಯ ರೋಗವೆಂದು ಬಣ್ಣಿಸಿ, ಯೌವನ ಉಳಿಸುವ ಮದ್ದೆಂದು ಈಸ್ಟ್ರೋಜನ್ನನ್ನು ಹೊಗಳಿತು. ಬೇಡಿಕೆ ಮುಗಿಲು ಮುಟ್ಟಿತು. 1975ರಲ್ಲಿ ಮೊದಲ ಪೆಟ್ಟು ಬಿತ್ತು: ಬರೀ ಈಸ್ಟ್ರೋಜನ್ ನುಂಗಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆ ಎಂದು ಅಧ್ಯಯನಗಳು ತೋರಿಸಿದವು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಬಗೆಯ ಔಷಧವನ್ನೂ ಕೊಡಬೇಕೆಂಬ ನಿಯಮ ಅಲ್ಲಿಂದ ನೆಲೆಯೂರಿತು. ಒಳಪದರ ಬೆಳೆಯದಂತೆ ಕಾಯುವುದಷ್ಟೇ ಆ ಎರಡನೆಯ ಔಷಧದ ಕೆಲಸ. ಗರ್ಭಕೋಶ ತೆಗೆದವರಿಗೆ ಸಾಮಾನ್ಯವಾಗಿ ಅದು ಬೇಕಿಲ್ಲ.

ಎರಡನೆಯ ಪೆಟ್ಟು 2002ರ ಜುಲೈನಲ್ಲಿ ಬಿತ್ತು. ಅಮೆರಿಕ ಸರ್ಕಾರದ ನೆರವಿನ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ 16,608 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕುದುರೆ ಈಸ್ಟ್ರೋಜನ್ 0.625 ಮಿ.ಗ್ರಾಂ ಹಾಗೂ ಮೆಡ್ರಾಕ್ಸಿಪ್ರೊಜೆಸ್ಟರಾನ್ 2.5 ಮಿ.ಗ್ರಾಂ, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟಿತ್ತು. ಉದ್ದೇಶ ಬಿಸಿ ಝಳದ ಚಿಕಿತ್ಸೆಯಾಗಿರಲಿಲ್ಲ. ಹಾರ್ಮೋನು ಹೃದಯವನ್ನು ಕಾಪಾಡುತ್ತದೆಯೇ ಎಂದು ನೋಡುವುದಾಗಿತ್ತು. ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ವರ್ಷಕ್ಕೆ 10,000 ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ 8, ಹೃದಯಾಘಾತದಂಥ ಘಟನೆ 7, ಪಾರ್ಶ್ವವಾಯು 8, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು 8 ಹೆಚ್ಚಾದವು. ದೊಡ್ಡ ಕರುಳಿನ ಕ್ಯಾನ್ಸರ್ 6, ಸೊಂಟದ ಮೂಳೆ ಮುರಿತ 5 ಕಡಿಮೆಯಾದವು. ಪತ್ರಿಕೆಗಳಲ್ಲಿ ಬಂದದ್ದು ಸ್ತನ ಕ್ಯಾನ್ಸರ್ ಶೇ 26 ಹೆಚ್ಚು ಎಂಬ ತಲೆಬರಹ. 10,000ಕ್ಕೆ 8 ಎಂಬ ಲೆಕ್ಕ ಓದುಗರಿಗೆ ತಲುಪಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63 ಎಂಬುದು ತಲುಪಲಿಲ್ಲ. ಮುಟ್ಟು ನಿಂತು ಹತ್ತು ಹನ್ನೆರಡು ವರ್ಷ ಕಳೆದ, ರಕ್ತನಾಳಗಳಲ್ಲಿ ಆಗಲೇ ಕೊಬ್ಬು ಕಟ್ಟತೊಡಗಿದ ವಯಸ್ಸು ಅದು.

ಗರ್ಭಕೋಶ ತೆಗೆದಿದ್ದ 10,739 ಮಹಿಳೆಯರಿಗೆ ಈಸ್ಟ್ರೋಜನ್ ಮಾತ್ರ ಕೊಟ್ಟ ಇನ್ನೊಂದು ಭಾಗ 2004ರಲ್ಲಿ ಮುಗಿಯಿತು. ಅಲ್ಲಿ ಪಾರ್ಶ್ವವಾಯು ಹೆಚ್ಚಿತು, ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಎರಡೂ ಭಾಗದವರನ್ನು 18 ವರ್ಷ ಹಿಂಬಾಲಿಸಿ 2017ರಲ್ಲಿ ಪ್ರಕಟವಾದ ವರದಿಯಲ್ಲಿ, ಹಾರ್ಮೋನು ಪಡೆದವರ ಮತ್ತು ಹುಸಿ ಮಾತ್ರೆ ಪಡೆದವರ ಒಟ್ಟು ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ವಯಸ್ಸಿನ ಪ್ರಕಾರ ಅಂಕಿಗಳನ್ನು ಬಿಡಿಸಿ ನೋಡಿದಾಗ 50ರ ಹರೆಯದವರ ಚಿತ್ರ 70ರವರದಕ್ಕಿಂತ ಎಷ್ಟೋ ಹಗುರವಾಗಿತ್ತು. 60 ವರ್ಷದೊಳಗಿರುವ, ಅಥವಾ ಮುಟ್ಟು ನಿಂತು 10 ವರ್ಷ ದಾಟದ, ಬೇರೆ ಅಡ್ಡಿಯಿಲ್ಲದ ಮಹಿಳೆಗೆ ಝಳ ಕಾಡುತ್ತಿದ್ದರೆ ಹಾರ್ಮೋನ್ ಚಿಕಿತ್ಸೆಯ ಲಾಭ ಅಪಾಯಕ್ಕಿಂತ ಹೆಚ್ಚು ಎಂಬುದು ಇಂದು ಋತುಬಂಧದ ವೈದ್ಯ ಸಂಘಗಳ ಒಮ್ಮತ. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಗಳ ಮೇಲಿನ ಕಪ್ಪು ಚೌಕದ, ಅಂದರೆ ಅತಿ ಗಂಭೀರ, ಎಚ್ಚರಿಕೆಯಿಂದ ಹೃದ್ರೋಗ, ಸ್ತನ ಕ್ಯಾನ್ಸರ್, ಮರೆಗುಳಿತನದ ಮಾತುಗಳನ್ನು ತೆಗೆಯುವುದಾಗಿ ಪ್ರಕಟಿಸಿತು. ಬರೀ ಈಸ್ಟ್ರೋಜನ್ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್ ಕುರಿತ ಎಚ್ಚರಿಕೆ ಉಳಿಯಿತು.

ಭಾರತದಲ್ಲಿ ಈ ಚಿಕಿತ್ಸೆ ಪಡೆಯುತ್ತಿದ್ದವರು ಮೊದಲಿನಿಂದಲೂ ಕಡಿಮೆ. ಇಲ್ಲಿ ಮದ್ದು ಮನೆ ಮುಟ್ಟುವ ಮೊದಲೇ ಅದರ ಭಯ ಮುಟ್ಟಿತು. 63ರ ಸರಾಸರಿಯ ಅಮೆರಿಕನ್ ಮಹಿಳೆಯರ ಅಂಕಿಗಳು 46ಕ್ಕೆ ಮುಟ್ಟು ನಿಂತ ಕನ್ನಡದ ಹೆಂಗಸಿಗೆ ಬೇಡವೆನ್ನುವ ಕಾರಣವಾಗಿ ಬಳಕೆಯಾದವು.

5. ಝಳ, ನಿದ್ದೆ, ಬಾಳಿನ ಹದ: ಎಷ್ಟು ಗುಣ

ಬಿಸಿ ಝಳಕ್ಕೆ ಈವರೆಗೆ ತಿಳಿದಿರುವ ಮದ್ದುಗಳಲ್ಲಿ ಈಸ್ಟ್ರೋಜನ್ನಿನಷ್ಟು ಪರಿಣಾಮಕಾರಿಯಾದದ್ದು ಬೇರೊಂದಿಲ್ಲ. 24 ಪ್ರಯೋಗಗಳನ್ನು ಒಟ್ಟುಗೂಡಿಸಿದ 2004ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಹುಸಿ ಮಾತ್ರೆಗೆ ಹೋಲಿಸಿದರೆ ವಾರದ ಝಳಗಳ ಸಂಖ್ಯೆ ಸುಮಾರು ಶೇ 75ರಷ್ಟು ಇಳಿಯಿತು. ಅದೇ ವಿಮರ್ಶೆಯಲ್ಲಿ ಇನ್ನೊಂದು ಪಾಠವಿದೆ: ಹುಸಿ ಮಾತ್ರೆ ತೆಗೆದುಕೊಂಡವರಲ್ಲೂ ಝಳ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಯಾರೋ ಕೇಳಿದರು, ಆರೈಕೆ ಸಿಕ್ಕಿತು ಎಂಬುದಕ್ಕೂ ಕಾಲ ತಾನಾಗಿ ಕಳೆಯುವುದಕ್ಕೂ ಅಷ್ಟು ಬಲವಿದೆ. ಅಂಗಡಿಯ ಯಾವುದೇ ಪುಡಿ, ಕಷಾಯ ‘ನನಗೆ ಗುಣ ಕೊಟ್ಟಿತು’ ಎಂಬ ಮಾತನ್ನು ತೂಗುವಾಗ ಈ ಅಂಕಿ ನೆನಪಿರಬೇಕು.

ನಿದ್ದೆ ಮತ್ತು ಬಾಳಿನ ಹದದ ವಿಷಯದಲ್ಲಿ ಉತ್ತರ ಯಾರನ್ನು ಕೇಳಿದೆವು ಎಂಬುದನ್ನು ಅವಲಂಬಿಸುತ್ತದೆ. ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಪ್ರಯೋಗದ 2003ರ ವರದಿ, ಹಾರ್ಮೋನಿನಿಂದ ಒಟ್ಟಾರೆ ಜೀವನದ ಗುಣಮಟ್ಟದಲ್ಲಿ ಗಮನಾರ್ಹ ಸುಧಾರಣೆ ಇಲ್ಲವೆಂದಿತು. ಅಲ್ಲಿದ್ದ ಬಹುತೇಕರಿಗೆ ಝಳವೇ ಇರಲಿಲ್ಲ. 50ರಿಂದ 54 ವರ್ಷದ, ಝಳ ಜೋರಾಗಿದ್ದವರನ್ನು ಬೇರೆ ತೆಗೆದು ನೋಡಿದಾಗ ಝಳವೂ ಇಳಿದಿತ್ತು, ನಿದ್ದೆಯೂ ಸ್ವಲ್ಪ ಸುಧಾರಿಸಿತ್ತು. ಹೃದ್ರೋಗವಿದ್ದ ವಯಸ್ಸಾದ ಮಹಿಳೆಯರ ‘ಹರ್ಸ್’ ಪ್ರಯೋಗ ಇನ್ನೂ ಸ್ಪಷ್ಟ. ಝಳವಿದ್ದವರು ಹಾರ್ಮೋನು ಪಡೆದಾಗ ಅವರ ಮನಸ್ಸಿನ ಆರೋಗ್ಯ ಉತ್ತಮವಾಯಿತು. ಝಳವಿಲ್ಲದವರ ಮೈಚೈತನ್ಯ ಕುಗ್ಗಿತು. ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ನಡೆದ ‘ವಿಸ್‌ಡಂ’ ಪ್ರಯೋಗದಲ್ಲಿ ಒಂದು ವರ್ಷದ ನಂತರ ಬಿಸಿ ಝಳ ಹೇಳಿಕೊಂಡವರು ಹಾರ್ಮೋನು ಗುಂಪಿನಲ್ಲಿ ಶೇ 9, ಹುಸಿ ಮಾತ್ರೆ ಗುಂಪಿನಲ್ಲಿ ಶೇ 25. ರಾತ್ರಿ ಬೆವರು ಶೇ 14 ಮತ್ತು ಶೇ 23. ನಿದ್ರಾಹೀನತೆ ಶೇ 35 ಮತ್ತು ಶೇ 41. ಎದೆ ನೋವು ಮಾತ್ರ, ಅಂದರೆ ಸ್ತನಗಳ ಬಿಗಿತ, ಹಾರ್ಮೋನು ಗುಂಪಿನಲ್ಲೇ ಹೆಚ್ಚು: ಶೇ 16, ಇನ್ನೊಂದರಲ್ಲಿ ಶೇ 7.

ಹೊಟ್ಟೆ ತುಂಬಿದವರನ್ನು ಅನ್ನದ ರುಚಿ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಬೆವರಿ ಏಳುವವಳ ನಿದ್ದೆಯನ್ನು ಹಾರ್ಮೋನು ಮರಳಿಸಬಲ್ಲದು. ಝಳವಿಲ್ಲದವಳ ಬಾಳನ್ನು ಇನ್ನಷ್ಟು ಬೆಳಗಿಸುವ ಟಾನಿಕ್ ಅದಲ್ಲ. ಯೌವನಕ್ಕಾಗಿ, ಚರ್ಮಕ್ಕಾಗಿ, ಹೃದಯ ರಕ್ಷಣೆಗಾಗಿ ಅದನ್ನು ಆರಂಭಿಸುವುದು ಸರಿಯಲ್ಲ. ಝಳಕ್ಕಾಗಿ ತೆಗೆದುಕೊಂಡವರಿಗೆ ಮೂಳೆಯ ಸವಕಳಿ ನಿಲ್ಲುವುದು ಜೊತೆಗೆ ಸಿಗುವ ಲಾಭ.

6. ಯಾವ ರೂಪ, ಯಾರಿಗೆ, ಯಾರಿಗೆ ಬೇಡ

ಈಸ್ಟ್ರೋಜನ್ ಮಾತ್ರೆಯಾಗಿ, ಚರ್ಮಕ್ಕೆ ಅಂಟಿಸುವ ಪ್ಯಾಚ್ ಆಗಿ, ತೋಳಿಗೋ ತೊಡೆಗೋ ಹಚ್ಚುವ ಜೆಲ್ ಆಗಿ ಸಿಗುತ್ತದೆ. ನುಂಗಿದ ಮಾತ್ರೆ ಮೊದಲು ಯಕೃತ್ತನ್ನು ಹಾಯುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಹೆಚ್ಚಾಗುತ್ತವೆ. ಚರ್ಮದ ಮೂಲಕ ಹೋದದ್ದು ನೇರವಾಗಿ ರಕ್ತ ಸೇರುತ್ತದೆ. ಫ್ರಾನ್ಸಿನ ‘ಎಸ್ತೆರ್’ ಅಧ್ಯಯನದಲ್ಲಿ ಪ್ಯಾಚ್, ಜೆಲ್ ಬಳಸಿದವರಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ದಪ್ಪ ಮೈಯವರು, ರಕ್ತದೊತ್ತಡ ಇರುವವರು, ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಈ ದಾರಿಯನ್ನು ಆರಿಸಿಕೊಳ್ಳುವುದು ಅದಕ್ಕಾಗಿ.

ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆಗೆ ಕೊಡುವ ಔಷಧಗಳಲ್ಲಿ ಮೈಕ್ರೊನೈಸ್ಡ್ ಪ್ರೊಜೆಸ್ಟರಾನ್ ಮತ್ತು ಡೈಡ್ರೊಜೆಸ್ಟರಾನ್ ಭಾರತದಲ್ಲಿ ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು ದೇಹದಲ್ಲಿ ಒಡೆದಾಗ ಹುಟ್ಟುವ ಅಲೊಪ್ರೆಗ್ನನೊಲೋನ್ ಮೆದುಳನ್ನು ಶಾಂತಗೊಳಿಸಿ ಮಂಪರು ತರುತ್ತದೆ. ಆದ್ದರಿಂದ ಅದನ್ನು ಮಲಗುವಾಗ ತೆಗೆದುಕೊಳ್ಳಬೇಕು. ನಿದ್ದೆ ಕೆಟ್ಟವರಿಗೆ ಅದು ಅನುಕೂಲ.

ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರು, ಯಕೃತ್ತಿನ ಕಾಯಿಲೆ ಜೋರಾಗಿರುವವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು ಈ ಚಿಕಿತ್ಸೆ ಪಡೆಯಬಾರದು. ಬೆಂಗಳೂರಿನ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದೇ ಎಂಬುದನ್ನು ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿ ವರ್ಷಗಳಿಂದ ತೋರಿಸುತ್ತ ಬಂದಿದೆ. ಆದ್ದರಿಂದ ಆರಂಭಿಸುವ ಮುನ್ನ ಸ್ತನ ಪರೀಕ್ಷೆ, ಮ್ಯಾಮೊಗ್ರಾಂ, ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಪರೀಕ್ಷೆ, ಮನೆತನದಲ್ಲಿ ಯಾರಿಗೆ ಏನಾಗಿತ್ತು ಎಂಬ ವಿಚಾರಣೆ ಅಗತ್ಯ. 45 ದಾಟಿದವಳಿಗೆ ಮುಟ್ಟು ಏರುಪೇರಾಗಿ ಝಳವಿದ್ದರೆ ಹಾರ್ಮೋನಿನ ರಕ್ತಪರೀಕ್ಷೆ ಬೇಕಾಗುವುದಿಲ್ಲ, ಲಕ್ಷಣವೇ ಸಾಕು. ಆರಂಭಿಸಿ ಮೂರು ತಿಂಗಳಾದ ಮೇಲೆ ಒಮ್ಮೆ, ನಂತರ ವರ್ಷಕ್ಕೊಮ್ಮೆ ವೈದ್ಯರನ್ನು ಕಾಣಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಹೊಸದಾಗಿ ರಕ್ತ ಕಂಡರೆ, ಹಾರ್ಮೋನು ತೆಗೆದುಕೊಳ್ಳುತ್ತಿರಲಿ ಬಿಡಲಿ, ತಡಮಾಡದೆ ತೋರಿಸಬೇಕು.

ಯೋನಿಯ ಒಣಗುವಿಕೆ, ಉರಿ, ಪದೇ ಪದೇ ಮೂತ್ರದ ಸೋಂಕು ಮಾತ್ರ ಇರುವವರಿಗೆ ಇಡೀ ಮೈಗೆ ಹಾರ್ಮೋನು ಬೇಡ. ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಂ ಅನ್ನು ಅಲ್ಲಿಗಷ್ಟೇ ಹಚ್ಚಿದರೆ ಸಾಕು. ಅದು ರಕ್ತಕ್ಕೆ ಸೇರುವುದು ತೀರ ಅಲ್ಪ.

7. ಗರ್ಭಚೀಲ ತೆಗೆಸಿಕೊಂಡವರು

ಕರ್ನಾಟಕದಲ್ಲಿ ಮುಟ್ಟು ನಿಲ್ಲುವುದಕ್ಕೆ ಪ್ರಕೃತಿಯಷ್ಟೇ ಕಾರಣವಲ್ಲ, ಆಪರೇಷನ್ ಕೂಡ ಕಾರಣ. 2010ರ ನಂತರದ ವರ್ಷಗಳಲ್ಲಿ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ ಸಾವಿರಕ್ಕೂ ಹೆಚ್ಚು ಮಹಿಳೆಯರ ಗರ್ಭಕೋಶ ತೆಗೆದದ್ದು ಬೆಳಕಿಗೆ ಬಂತು. 2015ರಲ್ಲಿ ಕಲಬುರಗಿ ಜಿಲ್ಲೆಯಿಂದ 2,000ಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು. ಎರಡೂ ಕಡೆ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಬಡ ಹೆಂಗಸರೇ ಹೆಚ್ಚು. ಹಲವರು ಇನ್ನೂ 35 ದಾಟದವರು. ಬಿಳಿ ಹೋಗುತ್ತದೆ, ಸೊಂಟ ನೋಯುತ್ತದೆ ಎಂದು ಹೋದವರಿಗೆ ಗರ್ಭಚೀಲ ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂಬ ಹೆದರಿಕೆ ಹಾಕಲಾಗಿತ್ತು. ಇಂಥದೇ ದೂರು ರಾಜಸ್ಥಾನದಿಂದ ಸುಪ್ರೀಂ ಕೋರ್ಟಿಗೆ ಹೋಗಿ, ಡಾ. ನರೇಂದ್ರ ಗುಪ್ತಾ ಅವರ ಅರ್ಜಿಯ ಮೇಲೆ 2023ರ ಏಪ್ರಿಲ್ 5ರಂದು ತೀರ್ಪು ಬಂತು. ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ನ್ಯಾಯಾಲಯ ರಾಜ್ಯಗಳಿಗೆ ಸೂಚಿಸಿತು.

ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು ತೆಗೆದರೆ ನಾಲ್ಕು ವರ್ಷದಲ್ಲಿ ಆಗಬೇಕಾದ ಇಳಿತ ನಾಲ್ಕು ದಿನದಲ್ಲಿ ಆಗುತ್ತದೆ. ಝಳ ಹೆಚ್ಚು ಜೋರು, ನಿದ್ದೆ ಹೆಚ್ಚು ಹಾಳು, ಮೂಳೆ ಬೇಗ ಸವೆಯುತ್ತದೆ, ಹೃದ್ರೋಗದ ಅಪಾಯ ಏರುತ್ತದೆ. ಅಂಡಾಶಯ ಉಳಿಸಿದವರಿಗೂ ಅದು ಕೆಲವು ವರ್ಷ ಮೊದಲೇ ಬತ್ತಬಹುದು. ಆದರೆ ಗರ್ಭಕೋಶವೇ ಇಲ್ಲದಿರುವುದರಿಂದ ನಿಲ್ಲಲು ಮುಟ್ಟೇ ಇಲ್ಲ. ಅಂಥವರಿಗೆ ಒಳಗಿನ ಬದಲಾವಣೆಯ ಸುದ್ದಿ ತರುವುದು ಬಿಸಿ ಝಳವೊಂದೇ. 40ಕ್ಕೂ ಮೊದಲು ಅಂಡಾಶಯ ಕಳೆದುಕೊಂಡವರಿಗೆ, ಕ್ಯಾನ್ಸರ್‌ನಂಥ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕ ಹಾರ್ಮೋನು ಕೊಡಬೇಕು ಎಂಬುದರಲ್ಲಿ ವೈದ್ಯಶಾಸ್ತ್ರಕ್ಕೆ ಗೊಂದಲವಿಲ್ಲ. ಅದು ಹೆಚ್ಚುವರಿ ಹಾರ್ಮೋನು ಅಲ್ಲ. ಕಸಿದುಕೊಂಡದ್ದನ್ನು ಮರಳಿ ಕೊಡುವುದು. 33ಕ್ಕೆ ಆಪರೇಷನ್ ಆಗಿ, ಒಂದು ಮಾತ್ರೆಯೂ ಇಲ್ಲದೆ ಊರಿಗೆ ಕಳಿಸಲ್ಪಟ್ಟ ಹೆಂಗಸಿಗೆ ಆದ ಅನ್ಯಾಯ ಶಸ್ತ್ರಕ್ರಿಯೆಯ ದಿನಕ್ಕೆ ಮುಗಿಯಲಿಲ್ಲ. ಮುಂದಿನ ಹದಿಮೂರು ಹದಿನಾಲ್ಕು ವರ್ಷ ಅದು ಪ್ರತಿದಿನ ನಡೆಯಿತು.

8. ಹಾರ್ಮೋನು ಬೇಡದವರಿಗೆ

ಝಳವನ್ನು ‘ಉಷ್ಣ’ ಎಂದು ಗುರುತಿಸುವ ಮನೆಗಳಲ್ಲಿ ಮಜ್ಜಿಗೆ, ಎಳನೀರು, ಕಾಮಕಸ್ತೂರಿ ಬೀಜ, ನೆನೆಸಿದ ಮೆಂತ್ಯ ಮೊದಲ ಮದ್ದು. ಇವು ಬಾಯಾರಿಕೆಗೆ, ಹೊಟ್ಟೆಗೆ ಹಿತ. ಹೈಪೊಥಲಾಮಸ್‌ನ ಸಂಕೇತವನ್ನು ಇವು ಬದಲಿಸುತ್ತವೆ ಎನ್ನಲು ಆಧಾರವಿಲ್ಲ. ಸೋಯಾದ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ.

ಯೋಗದ ಬಗ್ಗೆ ಬೆಂಗಳೂರಿನದೇ ಪ್ರಯೋಗವೊಂದಿದೆ. ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು ನಗರದ 14 ಕೇಂದ್ರಗಳಲ್ಲಿ 40ರಿಂದ 55 ವರ್ಷದ 120 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಸೂರ್ಯನಮಸ್ಕಾರ, ಪ್ರಾಣಾಯಾಮ, ಧ್ಯಾನ, ಇನ್ನೊಂದಕ್ಕೆ ಸರಳ ವ್ಯಾಯಾಮ ಕಲಿಸಿದರು. ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ, ಎಂಟು ವಾರ. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಝಳ ಮತ್ತು ಬೆವರಿನ ಅಂಕ ಯೋಗದ ಗುಂಪಿನಲ್ಲಿ ಹೆಚ್ಚು ಇಳಿದಿತ್ತು, ಮನಸ್ಸಿನ ಒತ್ತಡವೂ ತಗ್ಗಿತ್ತು. ಉತ್ತರ ಅಮೆರಿಕದ ಋತುಬಂಧ ಸಂಘ 2023ರಲ್ಲಿ ಎಲ್ಲ ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಝಳಕ್ಕೆಂದೇ ಯೋಗವನ್ನು ಶಿಫಾರಸು ಮಾಡುವಷ್ಟು ಆಧಾರ ಸಾಲದು ಎಂದಿತು. ಮನಸ್ಸಿಗೆ, ಕೀಲುಗಳಿಗೆ, ತೂಕಕ್ಕೆ ಯೋಗ ಒಳ್ಳೆಯದು. ರಾತ್ರಿ ನಾಲ್ಕು ಸಲ ಬೆವರಿ ಏಳುವವಳಿಗೆ ಅದೊಂದನ್ನೇ ಹೇಳಿ ಕಳಿಸುವುದು ಸಾಲದು.

ಅದೇ ಸಂಘ ಒಪ್ಪಿದ ದಾರಿಗಳಲ್ಲಿ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆ, ಪ್ಯಾರಾಕ್ಸಿಟಿನ್, ವೆನ್ಲಾಫಾಕ್ಸಿನ್ ಬಗೆಯ ಮಾತ್ರೆಗಳು, ಗ್ಯಾಬಪೆಂಟಿನ್ ಸೇರಿವೆ. ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಪ್ಯಾರಾಕ್ಸಿಟಿನ್ ಕೊಡಬಾರದು. ಅದು ಟ್ಯಾಮಾಕ್ಸಿಫೆನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ನ್ಯೂರೋಕೈನಿನ್ ಸಂಕೇತವನ್ನೇ ತಡೆಯುವ ಫೆಜೊಲಿನೆಟಾಂಟ್ 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು; ಯಕೃತ್ತಿಗೆ ಹಾನಿಯಾಗಬಹುದೆಂಬ ಕಪ್ಪು ಚೌಕದ ಎಚ್ಚರಿಕೆ ಮರುವರ್ಷ ಅದರ ಮೇಲೆ ಬಂತು.

9. ಕೆಲಸದ ಜಾಗ ಮತ್ತು ವೈದ್ಯರ ಕೋಣೆ

ಕರ್ನಾಟಕ ಸರ್ಕಾರ 2025ರಲ್ಲಿ ದುಡಿಯುವ ಮಹಿಳೆಯರಿಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಯ ನೀತಿ ತಂದಿತು. ಮುಟ್ಟು ಎಂಬ ಮಾತು ಕಚೇರಿಯ ಕಡತಕ್ಕೂ ಕಾರ್ಖಾನೆಯ ನೋಟಿಸ್ ಬೋರ್ಡಿಗೂ ಬಂದದ್ದು ದೊಡ್ಡ ಹೆಜ್ಜೆ. ಮುಟ್ಟು ನಿಲ್ಲುವ ಕಾಲ ಆ ನೀತಿಯ ವಸ್ತುವಲ್ಲ. ಈ ಕಾಲಕ್ಕೆ ಬೇಕಾದದ್ದು ರಜೆಗಿಂತ ಸಣ್ಣ ಸಂಗತಿಗಳು: ಮಿಷಿನ್ ಸಾಲಿನಲ್ಲಿ ಫ್ಯಾನು, ಕೈಗೆಟುಕುವ ಕುಡಿಯುವ ನೀರು, ಕೇಳದೆ ಎದ್ದು ಶೌಚಾಲಯಕ್ಕೆ ಹೋಗುವ ಐದು ನಿಮಿಷ, ಬದಲಿ ಸಮವಸ್ತ್ರ ಇಡುವ ಕಪಾಟು, ರಾತ್ರಿ ಪಾಳಿಯಿಂದ ಬಿಡುವು ಕೇಳುವ ಅವಕಾಶ. ಇವನ್ನು ಕೇಳಲು ಮೊದಲು ಮಾತು ಬೇಕು. ಕನ್ನಡದಲ್ಲಿ ಹೆಣ್ಣಿನ ಮೈಯ ಬಗ್ಗೆ ಸಂಕೋಚವಿಲ್ಲದೆ ಬರೆಯಬಹುದೆಂದು ವೈದ್ಯೆ, ಲೇಖಕಿ ಡಾ. ಅನುಪಮಾ ನಿರಂಜನ ದಶಕಗಳ ಹಿಂದೆಯೇ ತಮ್ಮ ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಯಂಥ ಪುಸ್ತಕಗಳಿಂದ ತೋರಿಸಿದರು. ಮಾತು ಇಲ್ಲದಿಲ್ಲ; ಅದನ್ನು ವೈದ್ಯರ ಕೋಣೆಯವರೆಗೆ ಒಯ್ಯಬೇಕಾಗಿದೆ.

ಒಯ್ಯಬೇಕಾದದ್ದು ಒಂದು ಹಾಳೆ. ಎರಡು ವಾರ ದಿನಕ್ಕೆ ಎಷ್ಟು ಸಲ ಝಳ ಬಂತು, ರಾತ್ರಿ ಎಷ್ಟು ಸಲ ಬೆವರಿ ಎಚ್ಚರವಾಯಿತು ಎಂದು ಕ್ಯಾಲೆಂಡರಿನ ಚೌಕದಲ್ಲಿ ಗೀಟು ಹಾಕಿದರೂ ಸಾಕು. ಕೊನೆಯ ಮುಟ್ಟಿನ ತಿಂಗಳು, ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್, ತಾಯಿ, ಅಕ್ಕತಂಗಿಯರಿಗೆ ಕ್ಯಾನ್ಸರ್ ಇತ್ತೇ ಎಂಬ ವಿವರ ಜೊತೆಗಿರಲಿ. ಗರ್ಭಚೀಲ ತೆಗೆಸಿಕೊಂಡವರು ಆ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡನ್ನು ಹುಡುಕಿ ತರಬೇಕು. ಅಂಡಾಶಯ ಉಳಿದಿದೆಯೋ ಹೋಗಿದೆಯೋ ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಆ ಕಾರ್ಡಿನಲ್ಲಿ ಅದು ಬರೆದಿರುತ್ತದೆ, ಯಾವ ಔಷಧ ಬೇಕೆಂಬುದು ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ.

ಚಿಕಿತ್ಸೆ ಎಷ್ಟು ಕಾಲ ಎಂಬುದಕ್ಕೆ ಎಲ್ಲರಿಗೂ ಒಂದೇ ಗಡುವು ಇಲ್ಲ. ಸಾಕಾಗುವಷ್ಟು ಕಡಿಮೆ ಪ್ರಮಾಣದಲ್ಲಿ ಆರಂಭಿಸಿ, ವರ್ಷಕ್ಕೊಮ್ಮೆ ಲಾಭ, ಅಪಾಯಗಳನ್ನು ಮತ್ತೆ ತೂಗಿ, ಝಳ ಇಳಿದಿದೆ ಎನ್ನಿಸಿದಾಗ ಪ್ರಮಾಣ ತಗ್ಗಿಸಿ ನೋಡುವುದು ಕ್ರಮ. ಎರಡೂ ಹಾರ್ಮೋನು ಸೇರಿದ ಚಿಕಿತ್ಸೆಯಲ್ಲಿ ವರ್ಷಗಳು ಕೂಡಿದಂತೆ ಸ್ತನ ಕ್ಯಾನ್ಸರ್ ಅಪಾಯ ಏರುವುದರಿಂದ ಐದು ವರ್ಷದ ಆಸುಪಾಸಿನಲ್ಲಿ ಈ ತೂಕ ಹೆಚ್ಚು ಎಚ್ಚರದಿಂದ ನಡೆಯಬೇಕು. ನಿಲ್ಲಿಸಿದಾಗ ಕೆಲವರಿಗೆ ಝಳ ಮರಳುತ್ತದೆ. ನಿಧಾನವಾಗಿ ಬಿಟ್ಟರೂ ಒಮ್ಮೆಲೇ ಬಿಟ್ಟರೂ ಮುಂದಕ್ಕೆ ದೊಡ್ಡ ವ್ಯತ್ಯಾಸವಿಲ್ಲ. ಮುಂದುವರಿಸುವುದೋ ಬಿಡುವುದೋ ಎಂಬ ತೀರ್ಮಾನದಲ್ಲಿ ವೈದ್ಯರ ಬಳಿ ಅಂಕಿಗಳಿರುತ್ತವೆ, ರಾತ್ರಿ ಹೇಗೆ ಕಳೆಯಿತು ಎಂಬುದು ಅವಳಿಗೊಬ್ಬಳಿಗೇ ಗೊತ್ತಿರುತ್ತದೆ. ಎರಡನ್ನೂ ಎದುರಿಗಿಟ್ಟುಕೊಂಡೇ ತೀರ್ಮಾನ ಮಾಡಬೇಕು.